ತಳೇಗಾಂವದ ಪಹಣಿ

ನಮ್ಮ ಇಂಡಿ ಕಡೆ ಹೊಲದ ಪಹಣಿಯಲ್ಲಿ ಹೆಸರು ಬದಲಾಗಬೇಕಾದರೆ ಅಪ್ಪ ಸಾಯಬೇಕು, ಇಲ್ಲವೇ ಅಣ್ಣ ತಮ್ಮಂದಿರು ಬಡಿದಾಡಬೇಕು. ಪುಣೆ ಪಕ್ಕದ ತಳೇಗಾಂವದ ಲೆಕ್ಕ ಬೇರೆ. ಅಲ್ಲಿ ಹೆಸರು ಬದಲಾಗಲು ನ್ಯೂಯಾರ್ಕಿನಲ್ಲಿ ಬ್ಯಾಂಕು ಮುಳುಗಬೇಕು, ವುಹಾನಿನಲ್ಲಿ ಯಾರೋ ಕೆಮ್ಮಬೇಕು.

2008ರ ಸೆಪ್ಟೆಂಬರ್ ಮೊದಲ ವಾರ ಜನರಲ್ ಮೋಟರ್ಸ್ ಅಲ್ಲಿ ಕಾರು ಕಾರ್ಖಾನೆಯ ಗೃಹಪ್ರವೇಶ ಮಾಡಿತು. ಮುಹೂರ್ತ ಇಟ್ಟವರಿಂದ ದಕ್ಷಿಣೆ ವಾಪಸು ಕೇಳಬೇಕಿತ್ತು. ಅದೇ ತಿಂಗಳು 15ಕ್ಕೆ ಲೇಮನ್ ಬ್ರದರ್ಸ್ ದಿವಾಳಿ, ಮರುವರ್ಷ ಜೂನ್ 1ಕ್ಕೆ ಖುದ್ದು ಯಜಮಾನನೇ ದಿವಾಳಿ. ಡಿಸೆಂಬರ್ ಹೊತ್ತಿಗೆ ಭಾರತದ ಆಸ್ತಿಯಲ್ಲಿ ಅರ್ಧ ಪಾಲು ಶಾಂಘೈನ ಸಾಯಿಕ್ ಕಂಪನಿಗೆ ಎಂದು ಮಾತಾಯಿತು. ಆಗ ಯಾರಿಗಾದರೂ ದೇಶಭಕ್ತಿ ಉಕ್ಕಿದ ನೆನಪು ನನಗಿಲ್ಲ. ಕೈಗೆ ದುಡ್ಡು ಬಂದ ಮೇಲೆ, 2012ರಲ್ಲಿ, ಯಜಮಾನ ಒತ್ತೆಯ ಬಹುಪಾಲು ಬಿಡಿಸಿಕೊಂಡ.

2017ರಲ್ಲಿ ಇಲ್ಲಿ ಕಾರು ಮಾರುವುದನ್ನೇ ಬಿಟ್ಟ. ಗುಜರಾತಿನ ಹಾಲೋಲ್ ಕಾರ್ಖಾನೆ ಸಾಯಿಕ್ ಕೈಸೇರಿ ಎಂ.ಜಿ. ಆಯಿತು. ಹೆಸರು ಇಂಗ್ಲೆಂಡಿನದು, ದುಡ್ಡು ಚೀನಾದ್ದು, ಈಗ ಶೇ. 35 ಜಿಂದಾಲರದು. ಇದರ ಗೋತ್ರ ಯಾವುದೆಂದು ಯಾವ ಪುರೋಹಿತನೂ ಹೇಳಲಾರ.

ತಳೇಗಾಂವವನ್ನು ಕೊಳ್ಳಲು 2020ರ ಜನವರಿಯಲ್ಲಿ ಚೀನಾದ ಗ್ರೇಟ್ ವಾಲ್ ಮುಂದೆ ಬಂತು. ಹಿಂದೆಯೇ ಕೊರೊನಾ. ಷೇರು ಪೇಟೆ ನೆಲ ಕಚ್ಚಿದಾಗ ಚೀನಾದ ಕೇಂದ್ರ ಬ್ಯಾಂಕಿನ ಪಾಲು ಎಚ್‌ಡಿಎಫ್‌ಸಿಯಲ್ಲಿ ಶೇ. 1 ದಾಟಿದ್ದು ಬಯಲಾಯಿತು. ಏಪ್ರಿಲ್‌ನಲ್ಲಿ ದಿಲ್ಲಿ, ಗಡಿಯಾಚೆಯ ನೆರೆಯವರು ಹಣ ಹಾಕಬೇಕಾದರೆ ಅಪ್ಪಣೆ ಪಡೆಯಲಿ ಎಂದಿತು. ಮುಂಬಯಿಗೆ ಅದು ಕೇಳಿಸಲಿಲ್ಲವೋ ಏನೋ, ಜೂನ್ 15ರಂದು ಮಹಾರಾಷ್ಟ್ರ ಸರ್ಕಾರ ಗ್ರೇಟ್ ವಾಲ್ ಜೊತೆ 3,770 ಕೋಟಿ ರೂಪಾಯಿಯ ಒಡಂಬಡಿಕೆ ಮಾಡಿಕೊಂಡಿತು. ಅದೇ ರಾತ್ರಿ ಗಲ್ವಾನ್ ಗಡಿಯಲ್ಲಿ ಚೀನಾ ಸೈನಿಕರೊಂದಿಗೆ ಬಡಿದಾಟ. ಈ ಕಾರ್ಖಾನೆಗೆ ಮುಹೂರ್ತ ನೋಡುವವರು ಇನ್ನೂ ಅವರೇ ಇರಬೇಕು! 2022ರ ಜೂನ್ ಮುಗಿಯುವ ಹೊತ್ತಿಗೆ ವ್ಯವಹಾರ ಮುರಿದುಬಿತ್ತು. ಮರುವರ್ಷ ಆಗಸ್ಟ್‌ನಲ್ಲಿ ಕೊರಿಯಾದ ಹ್ಯುಂಡೈ ಖರೀದಿ ಪತ್ರ ಮಾಡಿಕೊಂಡಿತು.

ನಮ್ಮ ಪಹಣಿಯಲ್ಲಿ 9ನೇ ಕಾಲಂ ಒಡೆಯನದು, 12ನೆಯದು ಉಳುವವನದು. 1974ರ ಭೂಸುಧಾರಣೆ ಕಾಯ್ದೆ ಬಂದಾಗ 12ರಿಂದ 9ಕ್ಕೆ ಜಿಗಿದ ಗೇಣಿದಾರರನ್ನು ಕರ್ನಾಟಕ ಕಂಡಿದೆ. ತಳೇಗಾಂವದಲ್ಲಿ 2020ರ ಡಿಸೆಂಬರ್‌ನಲ್ಲಿ ಕೊನೆಯ ಕಾರು ಹೊರಬಿದ್ದ ಮೇಲೆ 12ನೇ ಕಾಲಮಿನವರು ಧರಣಿ ಕೂತರು, ಕೋರ್ಟು ಹತ್ತಿದರು. ಹ್ಯುಂಡೈ ಕೊಂಡ ಆಸ್ತಿಯ ಪಟ್ಟಿಯಲ್ಲಿ ಇದ್ದದ್ದು ಜಮೀನು, ಕಟ್ಟಡ, ಒಂದಿಷ್ಟು ಯಂತ್ರ.