ಕ್ರೆಡಿಟ್ ಇದೆ, ಮೇಷ್ಟ್ರಿಲ್ಲ

ನಮ್ಮಲ್ಲಿ ಶಿಕ್ಷಣದ ಬಗ್ಗೆ ತೀರ್ಮಾನ ಕೈಗೊಳ್ಳಲು ಶಿಕ್ಷಣಶಾಸ್ತ್ರ ಓದಿರಬೇಕಿಲ್ಲ. ಮಂತ್ರಿಯಾಗುವವರಿಗೆ ಬೇಕಿಲ್ಲ. ಕಾರ್ಯದರ್ಶಿಯಾಗುವವರಿಗೂ ಬೇಕಿಲ್ಲ, ಅವರು ನಿನ್ನೆ ಮೀನುಗಾರಿಕೆಯಲ್ಲಿದ್ದರು, ನಾಳೆ ಮುಜರಾಯಿಗೆ ಹೋಗುತ್ತಾರೆ, ನಡುವೆ ಒಂದಿಷ್ಟು ದಿನ ಶಾಲೆಗಳನ್ನು ನೋಡಿಕೊಳ್ಳುತ್ತಾರೆ. ಖಾಸಗಿ ಶಾಲೆ ತೆರೆಯುವವರಿಗಂತೂ ರಿಂಗ್ ರೋಡಿನ ಪಕ್ಕ ಒಂದೆರಡು ಎಕರೆ ಇದ್ದರೆ ಸಾಕು. ಶಿಕ್ಷಣ ತಾನಾಗಿಯೇ ಬಂದು ಸೇರುತ್ತದೆ, ಹಳದಿ ಬಸ್ಸಿನ ಹಿಂದೆ.

ಹಾಗಾದರೆ ಈ ಶಾಸ್ತ್ರವನ್ನು ಓದಬೇಕಾದವರು ಯಾರು? ಬಿ.ಎ. ಓದುವ ಹುಡುಗಿ. ಅವಳ ಕೈಯಲ್ಲಿ ಯಾವ ಅಧಿಕಾರವೂ ಇಲ್ಲವಲ್ಲ, ಅದಕ್ಕೆ.

ಯೋಜನೆ ಕೇಳಲು ಚೆನ್ನಾಗಿಯೇ ಇದೆ. ಪದವಿ ವಿದ್ಯಾರ್ಥಿ ಒಂದು ವಿಷಯವನ್ನು ಮೇಜರ್ ಮಾಡಿಕೊಳ್ಳಲಿ, ಶಿಕ್ಷಣವನ್ನು ಅಂತರ್‌ಶಿಸ್ತೀಯ ಮೈನರ್ ಆಗಿ ಓದಲಿ. ಇತಿಹಾಸ, ತತ್ವಶಾಸ್ತ್ರ, ಮನೋವಿಜ್ಞಾನ, ಸಮಾಜಶಾಸ್ತ್ರ, ಅರ್ಥಶಾಸ್ತ್ರ ಎಲ್ಲವೂ ಒಂದು ಶಾಲೆಯ ಅಂಗಳದಲ್ಲಿ ಹೇಗೆ ಕೂಡುತ್ತವೆ ಎಂದು ಕಣ್ಣಾರೆ ನೋಡಲಿ. ಯುಜಿಸಿ 2022ರ ಡಿಸೆಂಬರಿನಲ್ಲಿ ಹೊರಡಿಸಿದ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ 120 ಕ್ರೆಡಿಟ್, ಅದರಲ್ಲಿ ಮೈನರ್‌ಗೆ 24. ನಾಲ್ಕು ವರ್ಷಕ್ಕೆ 160, ಮೈನರ್‌ಗೆ 32. ಲೆಕ್ಕ ಪಕ್ಕಾ. ಕಾಗದದ ಮೇಲೆ ನಮ್ಮ ಶಿಕ್ಷಣದ ಲೆಕ್ಕ ಯಾವತ್ತೂ ತಪ್ಪುವುದಿಲ್ಲ. ಪಾಠ ಮಾಡುವವರು ಮಾತ್ರ ಸಿಗುವುದಿಲ್ಲ.

ಇದನ್ನು ಕ್ರಾಂತಿಕಾರಿ ಹೆಜ್ಜೆ ಎಂದು ಶಾಲು ಹೊದ್ದು ಭಾಷಣ ಬಿಗಿದವರಿಗೆ ಒಂದು ಹಳೇ ಸುದ್ದಿ. ಕೊಠಾರಿ ಆಯೋಗ 1966ರಲ್ಲೇ ಇದನ್ನು ಬರೆದುಕೊಟ್ಟಿತ್ತು. ಶಿಕ್ಷಣವನ್ನೂ ಒಂದು ಸ್ವತಂತ್ರ ಜ್ಞಾನಶಾಖೆ ಎಂದು ಒಪ್ಪಿ, ಪದವಿ ತರಗತಿಯಲ್ಲಿ ಐಚ್ಛಿಕ ವಿಷಯವಾಗಿ ಕಲಿಸಿ, ಶಿಕ್ಷಕರ ತರಬೇತಿಯನ್ನು ವಿಶ್ವವಿದ್ಯಾಲಯದಿಂದ ದೂರ ಕೂಡಿಹಾಕಬೇಡಿ ಎಂದಿತ್ತು.

ನಾವು ಕೇಳಿದೆವು. ತಲೆಯಾಡಿಸಿದೆವು. ಆಮೇಲೆ ದೂರದಲ್ಲೇ ಕೂಡಿಹಾಕಿದೆವು, ಹತ್ತು ಸಾವಿರಕ್ಕೂ ಹೆಚ್ಚು ಒಂಟಿ ಕಾಲೇಜುಗಳಲ್ಲಿ. ಅವುಗಳಲ್ಲಿ ಬಹುಪಾಲು ಕಲಿಸುವ ಗೊಡವೆಗೇ ಹೋಗದೆ ದುಡ್ಡಿಗೆ ಪದವಿ ಮಾರುತ್ತಿವೆ. ಇದು ನನ್ನ ನಾಲಿಗೆಯ ಚಪಲ ಅಂದುಕೊಳ್ಳಬೇಡಿ. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ಕಂಡದ್ದನ್ನು ಉಲ್ಲೇಖಿಸಿ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಅಚ್ಚು ಹಾಕಿಸಿರುವ ಮಾತು. ಅಂದರೆ ಸರ್ಕಾರಕ್ಕೆ ಎಲ್ಲಾ ಗೊತ್ತು. ಮಾನ್ಯತೆ ಕೊಟ್ಟವರೂ ಅವರೇ, ವ್ಯಾಪಾರ ನೋಡಿ ಹೌಹಾರಿದವರೂ ಅವರೇ.

ಅದೇ ನೀತಿಯಲ್ಲಿ ನಾಲ್ಕು ವರ್ಷದ ಸಂಯೋಜಿತ ಬಿ.ಎಡ್. ಕೂಡ ಭಾರೀ ಹೊಸತಂತೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಶುರುವಾದದ್ದು 1963ರಲ್ಲಿ. ಆ ದಶಕದಿಂದಲೇ ಅಲ್ಲಿ ನಾಲ್ಕು ವರ್ಷದ ಕೋರ್ಸ್ ಇದೆ. ನಮ್ಮ ಹಿತ್ತಲಲ್ಲೇ ಇದ್ದದ್ದನ್ನು ದೆಹಲಿಯಿಂದ ಹೊಸ ಹೆಸರಿಟ್ಟು ಕಳಿಸಿದರು, ನಾವು ಆರತಿ ಎತ್ತಿ ಒಳಗೆ ಕರೆದುಕೊಂಡೆವು.

ಆರತಿ ಎತ್ತುವುದರಲ್ಲಿ ಕರ್ನಾಟಕವೇ ಮುಂದು. 2021ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ನೀತಿಯ ಜಾರಿಗೆ ಆದೇಶ ಹೊರಡಿಸಿ, ದೇಶದಲ್ಲೇ ನಾವೇ ಮೊದಲು ಎಂದು ಬೆನ್ನು ತಟ್ಟಿಕೊಂಡೆವು. ಮೊದಲಿಗರಾಗುವುದು ನಮ್ಮ ಚಟ. ಕೊಠಡಿ ಇದೆಯೇ, ಪುಸ್ತಕ ಬಂದಿದೆಯೇ, ಉಪನ್ಯಾಸಕರಿದ್ದಾರೆಯೇ ಎಂಬುದೆಲ್ಲ ಆಮೇಲಿನ ಮಾತು. ಎರಡು ವರ್ಷ ಎರಡು ವಿಷಯ ಸಮನಾಗಿ ಓದಿ, ಮೂರನೇ ವರ್ಷ ಒಂದನ್ನು ಮೇಜರ್ ಮಾಡಿಕೊಳ್ಳಿ, ಇನ್ನೊಂದನ್ನು ಮೈನರ್ ಮಾಡಿಕೊಳ್ಳಿ ಎಂದರು. ಅದರ ಮೇಲೆ ಓಪನ್ ಎಲೆಕ್ಟಿವ್. ಅದರ ಮೇಲೆ ಡಿಜಿಟಲ್ ಫ್ಲುಯೆನ್ಸಿ, ಅರ್ಧ ಕಂಪ್ಯೂಟರ್ ಕೆಟ್ಟು ಕೂತ ಲ್ಯಾಬಿನಲ್ಲಿ.

2023ರಲ್ಲಿ ಸರ್ಕಾರ ಬದಲಾಯಿತು. ಹೊಸಬರಿಗೆ ಹಳಬರ ನೀತಿ ಮೈಲಿಗೆ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಬಂತು. 2024ರ ಮೇ ತಿಂಗಳಲ್ಲಿ ನಾಲ್ಕು ವರ್ಷದ ಆನರ್ಸ್‌ಗೆ ಎಳ್ಳುನೀರು. ಮತ್ತೆ ಮೂರು ವರ್ಷದ ಪದವಿ, ಮತ್ತೆ ಮೂರು ಐಚ್ಛಿಕ ವಿಷಯ. ಆ ವರ್ಷ ಒಂದೇ ಕಾಲೇಜಿನ ಒಂದೇ ಕಾರಿಡಾರಿನಲ್ಲಿ ಮೊದಲ ವರ್ಷದವರಿಗೆ ರಾಜ್ಯದ ನೀತಿ, ಸೀನಿಯರ್‌ಗಳಿಗೆ ರಾಷ್ಟ್ರದ ನೀತಿ, ಸಬ್ಜೆಕ್ಟ್ ಬಾಕಿ ಉಳಿಸಿಕೊಂಡವರಿಗೆ ಅದಕ್ಕೂ ಹಿಂದಿನ ಸಿಬಿಸಿಎಸ್ ಪದ್ಧತಿ. ಮೂರಕ್ಕೂ ಪಾಠ ಮಾಡುವವರು ಒಬ್ಬರೇ. ಅವರೂ ಅತಿಥಿ ಉಪನ್ಯಾಸಕರು.

ತಂದವರು ವಿದ್ಯಾರ್ಥಿಗಳನ್ನು ಕೇಳಲಿಲ್ಲ. ತೆಗೆದವರೂ ಕೇಳಲಿಲ್ಲ. ಈ ಒಂದು ವಿಷಯದಲ್ಲಿ ಎರಡೂ ಪಕ್ಷಗಳ ನಡುವೆ ಪೂರ್ಣ ಒಮ್ಮತವಿದೆ.

ಅತಿಥಿ ಎಂದೆನಲ್ಲ, ಆ ಮರ್ಯಾದೆಯನ್ನೂ ನೋಡಿಬಿಡಿ. ಒಂದು ತರಗತಿಗೆ 1,500 ರೂಪಾಯಿ, ತಿಂಗಳಿಗೆ 50,000 ಮೀರದಂತೆ ಕೊಡಿ ಎಂದು ಯುಜಿಸಿ 2019ರಲ್ಲೇ ಹೇಳಿತು. ನಮ್ಮ ಸರ್ಕಾರಿ ಕಾಲೇಜುಗಳ ಅತಿಥಿಗಳು ಆ ಅಂಕಿಯನ್ನು ಸುತ್ತೋಲೆಯಲ್ಲಿ ಕಂಡು ಸಮಾಧಾನಪಟ್ಟುಕೊಂಡಿದ್ದಾರೆ. 2023ರ ಕೊನೆಯಲ್ಲಿ ಸೇವೆ ಕಾಯಂ ಮಾಡಿ ಎಂದು ತರಗತಿ ಬಿಟ್ಟು ಧರಣಿ ಕೂತರು. ಹದಿನೈದು ಇಪ್ಪತ್ತು ವರ್ಷ ಮನೆಯಲ್ಲೇ ಇರುವವರನ್ನು ಅತಿಥಿ ಎಂದು ಕರೆಯುವ ಊರು ಬೇರೆ ಎಲ್ಲಿದೆ? ಇಂಥವರ ಬಾಯಲ್ಲಿ ‘ಶಿಕ್ಷಕ ವೃತ್ತಿಯ ಘನತೆ’ ಎಂಬ ಅಧ್ಯಾಯ ಪಾಠ ಮಾಡಿಸುತ್ತೇವೆ. ನಾಚಿಕೆಯೂ ಆಗುವುದಿಲ್ಲ.

ಇನ್ನು ಆಯ್ಕೆಯ ಸ್ವಾತಂತ್ರ್ಯ. ವಿದ್ಯಾರ್ಥಿ ತನ್ನ ಆಸಕ್ತಿಯಂತೆ ಮೈನರ್ ಆರಿಸಿಕೊಳ್ಳುತ್ತಾಳೆ ಎಂದು ನೀತಿ ಹೇಳುತ್ತದೆ. ಅಡ್ಮಿಷನ್ ದಿನ ಯಾವುದಾದರೂ ಜಿಲ್ಲಾ ಕೇಂದ್ರದ ಕಾಲೇಜಿಗೆ ಹೋಗಿ ನಿಂತುಕೊಳ್ಳಿ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಹಾಗೆ ಇಲ್ಲಿ ಸಬ್ಜೆಕ್ಟ್ ಹಿಡಿಯುತ್ತಾರೆ. ಯಾವುದರ ಕ್ಲಾಸ್ ಮಧ್ಯಾಹ್ನ ಒಂದಕ್ಕೆ ಮುಗಿಯುತ್ತದೆ? ಊರಿನ ಬಸ್ಸು ಒಂದೂವರೆಗೆ. ಯಾವುದಕ್ಕೆ ನೋಟ್ಸ್ ಜೆರಾಕ್ಸ್ ಅಂಗಡಿಯಲ್ಲಿ ಸಿಗುತ್ತದೆ? ಯಾವ ಡಿಪಾರ್ಟ್‌ಮೆಂಟಿಗೆ ವರ್ಕ್‌ಲೋಡ್ ಕಮ್ಮಿ ಬಿದ್ದಿದೆ? ಕೊನೆಯ ಪ್ರಶ್ನೆ ವಿದ್ಯಾರ್ಥಿಯದ್ದಲ್ಲ, ಎಚ್‌ಒಡಿಯದ್ದು. ಉತ್ತರ ಮಾತ್ರ ವಿದ್ಯಾರ್ಥಿಯ ಅಂಕಪಟ್ಟಿಯಲ್ಲಿ ಕೂರುತ್ತದೆ.

ಇಂಥದ್ದೊಂದು ಮೇಜಿನ ಮುಂದೆ ನಡೆದ ಮಾತಿದು.

“ಸರ್, ಇತಿಹಾಸ ಮೇಜರ್, ಎಜುಕೇಷನ್ ಮೈನರ್ ಹಾಕ್ಕೊಡಿ.”

“ಯಾಕಮ್ಮ ಎಜುಕೇಷನ್ನು?”

“ಟೀಚರ್ ಆಗ್ಬೇಕು ಸರ್.”

“ಟೀಚರ್ ಆಗೋಕೆ ಬಿ.ಎಡ್. ಮಾಡ್ಬೇಕು, ಟಿಇಟಿ ಪಾಸಾಗ್ಬೇಕು. ಇದನ್ನ ಓದಿದ್ರೆ ಅಲ್ಲೇನೂ ಮಾಫಿ ಇಲ್ಲ.”

“ಮತ್ತೆ ಇದು ಯಾಕಿದೆ ಸರ್?”

“ಕ್ರೆಡಿಟ್ಟಿಗಮ್ಮ. ಸೈನ್ ಹಾಕು, ಹಿಂದೆ ಕ್ಯೂ ಇದೆ.”

ಆ ಮೇಷ್ಟ್ರು ಪ್ರಾಮಾಣಿಕರು. ನೀತಿಯ ಕರಡು ಬರೆದವರಲ್ಲಿ ಅಷ್ಟು ಪ್ರಾಮಾಣಿಕತೆ ಇದ್ದಿದ್ದರೆ ಅರ್ಧ ಪುಟಗಳು ಉಳಿಯುತ್ತಿದ್ದವು. ನಾಲ್ಕು ವರ್ಷದ ಪದವಿ ಮುಗಿಸಿದವರಿಗೆ ಒಂದೇ ವರ್ಷದ ಬಿ.ಎಡ್. ಎಂದು ರಾಷ್ಟ್ರೀಯ ನೀತಿ ಆಸೆ ತೋರಿಸಿತು. ರಾಜ್ಯ ನಾಲ್ಕನೇ ವರ್ಷವನ್ನೇ ಕಿತ್ತುಹಾಕಿತು. ಈ ಹುಡುಗಿಗೆ ಸಿಕ್ಕಿದ್ದು ಇಬ್ಬರ ಜಗಳ, ಜೊತೆಗೆ ಎರಡು ವರ್ಷದ ಬಿ.ಎಡ್.

ಹೋಗಲಿ, ತರಗತಿಯೊಳಗಾದರೂ ಏನಿದೆ ನೋಡೋಣ. ರೂಸೋ, ಫ್ರೋಬೆಲ್, ಡ್ಯೂಯಿ, ಟ್ಯಾಗೋರ್, ಗಾಂಧಿ. ತಲೆಗೆ ಐದೈದು ಅಂಕ. ಮಾಡುತ್ತಾ ಕಲಿಯಬೇಕು ಎಂದು ಬದುಕಿಡೀ ವಾದಿಸಿದ ಡ್ಯೂಯಿಯನ್ನು ಡಿಕ್ಟೇಷನ್ ಕೊಟ್ಟು ಬರೆಸುತ್ತಾರೆ. “ಕಾಮಾ ಹಾಕಿ, ಮುಂದಿನ ಸಾಲಿಗೆ ಬನ್ನಿ.” ಟ್ಯಾಗೋರರು ಮರದ ಕೆಳಗೆ ಪಾಠ ಮಾಡಿಸಿದರು ಎಂದು ಸೋರುವ ತಾರಸಿಯ ಕೆಳಗೆ ಕೂತು ಬರೆದುಕೊಳ್ಳುತ್ತಾರೆ. ದುಡಿಯುವ ಕೈಯೇ ಪಾಠಶಾಲೆ ಎಂದು 1937ರಲ್ಲಿ ವಾರ್ಧಾದಲ್ಲಿ ಗಾಂಧಿ ಮಂಡಿಸಿದ ನಯೀ ತಾಲೀಮನ್ನು ಪೆನ್ನು ಬಿಟ್ಟರೆ ಬೇರೇನನ್ನೂ ಮುಟ್ಟದೆ ಮುಗಿಸುತ್ತಾರೆ.

ಬ್ರೆಜಿಲ್‌ನ ಪಾವ್ಲೋ ಫ್ರೈರೆ ಇನ್ನೂ ಸ್ವಾರಸ್ಯ. ಮೇಷ್ಟ್ರು ಠೇವಣಿ ಇಡುವುದು, ಮಕ್ಕಳು ಖಾತೆಗಳಾಗಿ ಬಾಯಿಮುಚ್ಚಿ ಕೂರುವುದು, ಈ ಪದ್ಧತಿಯನ್ನು ಬ್ಯಾಂಕಿಂಗ್ ಶಿಕ್ಷಣ ಎಂದು ಕರೆದು ಉಗಿದ ಮನುಷ್ಯ. ಅವನನ್ನು ಉರು ಹೊಡೆದು ಗಳಿಸಿದ ಕ್ರೆಡಿಟ್ ಎಲ್ಲಿ ಜಮೆಯಾಗುತ್ತದೆ? ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ. 2021ರಲ್ಲಿ ಉದ್ಘಾಟನೆಯಾದ ಸಂಸ್ಥೆ. ಹೆಸರಿಟ್ಟವರು ಫ್ರೈರೆಯನ್ನು ಓದಿಲ್ಲ ಎಂದು ಬಿಡಿಸಿ ಹೇಳಬೇಕೆ? ಓದಿ ಇಟ್ಟಿದ್ದರೆ ಅವರಿಗೊಂದು ನಮಸ್ಕಾರ.

ನಿಜ ಹೇಳಬೇಕೆಂದರೆ ಈ ರಾಜ್ಯದಲ್ಲಿ ಶಿಕ್ಷಣಶಾಸ್ತ್ರಕ್ಕೆ ಪಠ್ಯಪುಸ್ತಕವೇ ಬೇಡ. ದಿನಪತ್ರಿಕೆ ಸಾಕು.

ಮೌಲ್ಯಮಾಪನದ ಪಾಠ ಬೇಕೇ? 2024ರ ಎಸ್‌ಎಸ್‌ಎಲ್‌ಸಿ ನೋಡಿ. ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಹಾಕಿದರು. ನಕಲು ನಿಂತಿತು. ಫಲಿತಾಂಶ ಪಾತಾಳಕ್ಕಿಳಿಯಿತು. ಕೂಡಲೇ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿ ಶೇ 73.40 ಎಂದು ಘೋಷಿಸಿದರು. ಇಷ್ಟೆಲ್ಲ ಕೃಪೆ ತೋರಿಸಿದ ಮೇಲೂ ಹಿಂದಿನ ವರ್ಷಕ್ಕಿಂತ ಕಮ್ಮಿ. ಅಷ್ಟು ವರ್ಷ ಯಾರನ್ನು ಅಳೆಯುತ್ತಿದ್ದೆವು ಎಂದು ಯಾರೂ ಕೇಳಲಿಲ್ಲ. ಕ್ಯಾಮೆರಾ ದುಬಾರಿಯಾಯಿತೇ ಎಂದು ಮಾತ್ರ ಕೇಳಿದರು.

ಕಾನೂನಿನ ಪಾಠ ಬೇಕೇ? ಎಂಟನೇ ತರಗತಿ ಮುಗಿಯುವವರೆಗೆ ಮಗು ಯಾವ ಬೋರ್ಡ್ ಪರೀಕ್ಷೆಯನ್ನೂ ಪಾಸಾಗಬೇಕಾಗಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 30ನೇ ಕಲಂ ಹೇಳುತ್ತದೆ. ನಮ್ಮವರು ಐದನೇ ತರಗತಿಗೇ ಬೋರ್ಡ್ ಪರೀಕ್ಷೆ ಹಿಡಿದು ಹೊರಟರು. ಪರೀಕ್ಷೆ ಇದೆ, ಇಲ್ಲ, ಇದೆ ಎಂದು ಹೈಕೋರ್ಟಿನಲ್ಲಿ ವರ್ಷ ಕಳೆಯಿತು. 2024ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟು ಫಲಿತಾಂಶಕ್ಕೆ ತಡೆ ಕೊಟ್ಟಿತು. ಹತ್ತು ವರ್ಷದ ಮಗು ಗುಣಾಕಾರ ಕಲಿಯುವ ಮುಂಚೆ ತಡೆಯಾಜ್ಞೆ ಎಂದರೇನು ಎಂದು ಕಲಿಯಿತು. ಇದಕ್ಕಿಂತ ಅಂತರ್‌ಶಿಸ್ತೀಯ ಕಲಿಕೆ ಇನ್ನೇನಿದೆ!

ಆಡಳಿತದ ಪಾಠ? 2025ರ ಸೆಪ್ಟೆಂಬರಿನಲ್ಲಿ ‘ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ’ ಶುರುವಾಯಿತು. ಗಣತಿದಾರರು ಯಾರು? ಮೇಷ್ಟ್ರುಗಳು. ಬೆಟ್ಟದ ಮೇಲೆ ಮೊಬೈಲ್ ಎತ್ತಿ ಹಿಡಿದು ನೆಟ್‌ವರ್ಕ್ ಹುಡುಕಿದರು. ಮನೆಗೆ ಬೀಗ ಬಿದ್ದಿದ್ದರೆ ಮತ್ತೆ ಬಂದರು, ನಾಯಿ ಅಟ್ಟಿಸಿಕೊಂಡು ಬಂದರೆ ಓಡಿದರು. ನಿಗದಿತ ದಿನದೊಳಗೆ ಮುಗಿಯಲಿಲ್ಲ. ಆಗ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಶೈಕ್ಷಣಿಕ ಸ್ಥಿತಿ ತಿಳಿಯಲು ಶಾಲೆ ಮುಚ್ಚಿದ ಸರ್ಕಾರ ನಮ್ಮದು. ಹಿಂದುಳಿದವರ ಲೆಕ್ಕ ಬೇಕು, ಬೇಡ ಎನ್ನುವವನಲ್ಲ ನಾನು. ಆದರೆ ಅದೇ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಮೇಷ್ಟ್ರನ್ನು ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಕಳಿಸಬಾರದು ಎನ್ನುತ್ತದೆ. ಆ ಕಲಂ ಕೂಡ ಮೈನರ್‌ನ ಮೂರನೇ ಯೂನಿಟ್ಟಿನಲ್ಲಿದೆ. ಐದು ಅಂಕಕ್ಕೆ ಬರುತ್ತದೆ.

ಖರ್ಚಿನ ಪಾಠವಂತೂ ಎರಡೇ ಸಾಲು. ರಾಷ್ಟ್ರೀಯ ವರಮಾನದ ಶೇ 6ರಷ್ಟನ್ನು ಶಿಕ್ಷಣಕ್ಕೆ ಕೊಡಿ ಎಂದು ಕೊಠಾರಿ ಆಯೋಗ 1966ರಲ್ಲಿ ಹೇಳಿತು. 1968ರ ನೀತಿ ಒಪ್ಪಿತು, 1986ರ ನೀತಿ ಒಪ್ಪಿತು, 2020ರ ನೀತಿಯೂ ಒಪ್ಪಿತು. ಕೊಡುವುದೊಂದು ಬಾಕಿ.

ಹೀಗೆಲ್ಲ ಬೈದ ಮೇಲೂ ಹೇಳುತ್ತೇನೆ, ಈ ಮೈನರ್ ಬೇಕು. ಎಲ್ಲರಿಗೂ ಬೇಕು. ಅರ್ಥಶಾಸ್ತ್ರ ಓದುವ ಹುಡುಗ ತನ್ನೂರಿನ ಎಲ್‌ಕೆಜಿ ಫೀಸನ್ನೂ ಅಪ್ಪನ ಕೂಲಿಯನ್ನೂ ಪಕ್ಕಪಕ್ಕ ಬರೆದು ನೋಡಲಿ. ಕನ್ನಡ ಓದುವವಳು, 1994ರ ಭಾಷಾ ನೀತಿ 2014ರ ಮೇ 6ರಂದು ಸುಪ್ರೀಂ ಕೋರ್ಟಿನಲ್ಲಿ ಹೇಗೆ ಬಿತ್ತು, ತೀರ್ಪಿಗೆ ಕಣ್ಣೀರಿಟ್ಟವರ ಮಕ್ಕಳು ಅವತ್ತು ಯಾವ ಮಾಧ್ಯಮದಲ್ಲಿ ಓದುತ್ತಿದ್ದರು ಎಂದು ಹುಡುಕಲಿ. ಸಮಾಜಶಾಸ್ತ್ರದವನು ಸರ್ಕಾರಿ ಶಾಲೆಯ ಹಾಜರಿ ಪುಸ್ತಕ ತೆಗೆದು, ಯಾವ ಕೇರಿಯ ಮಕ್ಕಳು ಉಳಿದಿದ್ದಾರೆ, ಯಾವ ಕೇರಿಯವರು ಹಳದಿ ಬಸ್ಸು ಹತ್ತಿದ್ದಾರೆ ಎಂದು ಎಣಿಸಲಿ. ಹೀಗೆ ಓದಿದವರು ನಾಳೆ ಅಪ್ಪ ಅಮ್ಮಂದಿರಾಗುತ್ತಾರೆ, ಶಾಲಾಭಿವೃದ್ಧಿ ಸಮಿತಿಗೆ ಬರುತ್ತಾರೆ, ಎದ್ದು ನಿಂತು ಲೆಕ್ಕ ಕೇಳುತ್ತಾರೆ.

ಅದಕ್ಕೇ ಹೀಗೆ ಓದಿಸುವುದಿಲ್ಲ.

ಟೀಚರ್ ಆಗಬೇಕೆಂದು ಸೈನ್ ಹಾಕಿದ ಆ ಹುಡುಗಿಗೆ ‘ಶಾಲೆ ಮತ್ತು ಸಮುದಾಯ’ ಎಂದು ಅಸೈನ್‌ಮೆಂಟ್ ಕೊಟ್ಟರು. ಪಾಪ, ನಿಜವೆಂದೇ ನಂಬಿ ತನ್ನೂರಿನ ಶಾಲೆಗೆ ಹೋದಳು. ಮೂರು ತರಗತಿಗೆ ಒಂದೇ ಕೋಣೆ, ಒಂದೇ ಕರಿಹಲಗೆಗೆ ಸೀಮೆಸುಣ್ಣದಲ್ಲಿ ಎಳೆದ ಎರಡು ಗೀಟು. ಎಡಕ್ಕೆ ಕಾಗುಣಿತ, ನಡುವೆ ಕಳೆಯುವ ಲೆಕ್ಕ, ಬಲಕ್ಕೆ ಇಂಗ್ಲಿಷ್ ಅಕ್ಷರ. ಇದ್ದೊಬ್ಬ ಮೇಷ್ಟ್ರು ಬಿಇಒ ಆಫೀಸಿನ ಮೀಟಿಂಗಿಗೆ ಹೋಗಿದ್ದರು. ಬಿಸಿಯೂಟದ ಅಕ್ಕ ಸಾರಿಗೆ ಒಗ್ಗರಣೆ ಹಾಕುತ್ತಾ ಅಲ್ಲಿಂದಲೇ ಮಗ್ಗಿ ಹೇಳಿಸುತ್ತಿದ್ದರು. ಹುಡುಗಿ ಕಂಡದ್ದನ್ನೆಲ್ಲ ಬರೆದಳು. ಗೀಟುಗಳ ಚಿತ್ರವನ್ನೂ ಬಿಡಿಸಿದಳು.

ಸಿಲಬಸ್ಸಿನಲ್ಲಿಲ್ಲ ಎಂದು ಅಸೈನ್‌ಮೆಂಟ್ ವಾಪಸ್ ಬಂತು. ಜೆರಾಕ್ಸ್ ಅಂಗಡಿಯಲ್ಲಿ ಹದಿನೈದು ರೂಪಾಯಿ ಕೊಟ್ಟು ಕೊಠಾರಿ ಆಯೋಗದ ಶಿಫಾರಸುಗಳನ್ನು ತಂದು ನಕಲು ಮಾಡಿ ಕೊಟ್ಟಳು. ಹತ್ತಕ್ಕೆ ಒಂಬತ್ತು ಸಿಕ್ಕಿತು. ಒಂದು ಅಂಕ ಹೋದದ್ದು ಮಾರ್ಜಿನ್ ಬಿಡದ್ದಕ್ಕೆ.