ಮನೆ ಬದಲಿಸದ ತಾತಂದಿರು

ಬಳ್ಳಾರಿಯ ಹಳೇ ಬಡಾವಣೆಗಳ ವಯಸ್ಸು ತಿಳಿಯಬೇಕಾದರೆ ಮನೆಗಳನ್ನಲ್ಲ, ಮನೆ ಮುಂದಿನ ಕಟ್ಟೆಗಳನ್ನು ನೋಡಬೇಕು. ಗಾಂಧಿನಗರವಿರಲಿ, ಸತ್ಯನಾರಾಯಣಪೇಟೆಯಿರಲಿ, ಒಳಗಿನ ಅಡ್ಡರಸ್ತೆಗಳಲ್ಲಿ ಬೆಳಗಿನ ಆರಕ್ಕೇ ಕಟ್ಟೆ ಭರ್ತಿ. ಮಕ್ಕಳು ಬೆಂಗಳೂರು, ಹೈದರಾಬಾದು ಸೇರಿದ್ದಾರೆ. ಅವರಿಗೆಂದು ಸಾಲ ಮಾಡಿ ಎಬ್ಬಿಸಿದ ಮೇಲಿನ ಮಹಡಿಯಲ್ಲಿ ಈಗ ಹಪ್ಪಳ, ಸಂಡಿಗೆ ಒಣಗುತ್ತವೆ. ಈ ಸೀಮೆಯಲ್ಲಿ ‘ತಾತ’ ದೊಡ್ಡ ಮಾತು. ಚೇಳ್ಳಗುರ್ಕಿಯ ಎರ್ರಿತಾತನಂಥ ಅವಧೂತರಿಗೂ ಅದೇ ಹೆಸರು, ಪಿಂಚಣಿದಾರರಿಗೂ ಅದೇ. ಎರಡನೆಯವರು ವೈರಾಗ್ಯದಲ್ಲಿ ಸ್ವಲ್ಪ ಹಿಂದೆ.

ಎಂಬತ್ತು ದಾಟಿದ ತಾತಂದಿರು ಕಟ್ಟೆ ಇಳಿಯದೆ ಮೂರು ರಾಜ್ಯ ಕಂಡವರು. ಹುಟ್ಟಿದ್ದು ಮದ್ರಾಸ್ ಪ್ರಾಂತ್ಯದಲ್ಲಿ. 1953ರ ಅಕ್ಟೋಬರ್ 1ರಂದು ಊರು ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು, ಅವುಗಳ ಜತೆ ಎಷ್ಟೋ ಮನೆಗಳ ಬೀಗರೂ ಹೋದರು. 1973ರಲ್ಲಿ ಅದೇ ಮನೆ ಕರ್ನಾಟಕದಲ್ಲಿತ್ತು. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ಊರು ‘ಬಳ್ಳಾರಿ’ಯಾಯಿತು. ಕಟ್ಟೆಯವರಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ, ಅವರು ಎಂದೂ ಬೇರೆ ಹೆಸರಿನಿಂದ ಕರೆದವರೇ ಅಲ್ಲ. 2021ರಲ್ಲಿ ಹೊಸಪೇಟೆ, ಹಂಪಿ ಎಲ್ಲ ವಿಜಯನಗರ ಜಿಲ್ಲೆಗೆ ಹೋದವು. ಹೀಗೆ ಗಡಿಗಳು ಸರಿದಾಡಿದರೂ ಕಟ್ಟೆಯ ಮೇಲೆ ನೆರಳು ಬೀಳುವ ಮೂಲೆ ಮಾತ್ರ ಯಾರದ್ದೋ ಅವರದ್ದೇ. ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿಗೆ ಹೊರಳುತ್ತದೆ. ಜಗಳಕ್ಕೆ ಎರಡೂ ಸಾಲುವುದಿಲ್ಲ.

ದಿನಚರಿಯನ್ನು ನಡೆಸುವುದು ನಲ್ಲಿ ಮತ್ತು ಬಿಸಿಲು. ನೀರು ದಿನವೂ ಬರುವುದಿಲ್ಲ, ಬರುವ ಹೊತ್ತೂ ಖಾತ್ರಿಯಿಲ್ಲ. ಆದ್ದರಿಂದ ನಿದ್ದೆ ಕಮ್ಮಿಯಿರುವವರೇ ಬೀದಿಗೆ ಆಸ್ತಿ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟಿದ ಬಿಸಿಲನ್ನು ಬೋಳು ಬಂಡೆಯ ಬಳ್ಳಾರಿ ಗುಡ್ಡ ಹಗಲೆಲ್ಲ ಕುಡಿದು ರಾತ್ರಿ ಮರಳಿಸುತ್ತದೆ. ಹಿಂದೆ ಎಲ್ಲರೂ ಮಾಳಿಗೆ ಮೇಲೆ ಮಲಗುತ್ತಿದ್ದರು. ಈಗ ಮೊಣಕಾಲು ಮೆಟ್ಟಿಲು ಒಪ್ಪದ ಕಾರಣ ಮಂಚ ಅಂಗಳಕ್ಕೆ ಇಳಿದಿದೆ. ಬೆಳಗಿನ ಮಂಡಕ್ಕಿ ಒಗ್ಗರಣೆ-ಮಿರ್ಚಿಯನ್ನು ಡಾಕ್ಟರು ಬೇಡವೆಂದಿದ್ದಾರೆ. ಅದು ‘ವಾಕಿಂಗ್’ ಎಂಬ ಹೆಸರಿನಲ್ಲಿ ನಡೆಯುತ್ತದೆ. ಒರೆಸಿಕೊಂಡ ಬೆರಳಲ್ಲಿ ಎಣ್ಣೆಯ ವಾಸನೆ ಉಳಿಯುತ್ತದೆಂಬುದು ನಲವತ್ತು ವರ್ಷ ಕಚೇರಿ ಕಡತ ನೋಡಿದವರಿಗೂ ಹೊಳೆಯದಿರುವುದು ಆಶ್ಚರ್ಯ. ಮನೆಯಾಕೆಗೆ ಮಾತ್ರ ಮೊದಲ ದಿನವೇ ಗೊತ್ತಾಗಿದೆ.

ಸುತ್ತಲಿನ ಊರುಗಳ ಜತೆಗೂ ಕಟ್ಟೆಗೆ ನಂಟಿದೆ. ಸಿರುಗುಪ್ಪದ ನಂಟು ಅಕ್ಕಿಯದು. ತುಂಗಭದ್ರೆಯ ನೀರುಣ್ಣುವ ಆ ಗದ್ದೆಗಳ ಸೋನಾಮಸೂರಿ ಮೂಟೆ ಬಂದಾಗ ಮೊದಲ ಪ್ರಶ್ನೆ ‘ಹಳೇದೋ, ಹೊಸದೋ?’ ವರ್ಷ ತುಂಬಿದ್ದರೇನೇ ಅನ್ನ ಉದುರುದುರಾಗುತ್ತದೆ, ಹೊಸದು ಮುದ್ದೆಗಟ್ಟುತ್ತದೆ. ಈ ವಿವರಣೆ ಕೊಡುವಾಗ ತಾತ ಸೊಸೆಯ ಕಡೆ ನೋಡುವುದಿಲ್ಲ.

ಕುರುಗೋಡಿನ ನಂಟು ದೊಡ್ಡಬಸವೇಶ್ವರನದು. ಅಲ್ಲಿಯ ಏಕಶಿಲೆಯ ಬಸವ ಎಷ್ಟೋ ತಲೆಮಾರಿನಿಂದ ಕೂತಲ್ಲೇ ಕೂತಿರುವುದರಿಂದ ಕಟ್ಟೆಯವರಿಗೆ ಅವನ ಮೇಲೆ ವಿಶೇಷ ಗೌರವ. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಕುರುಗೋಡಿನ ಬಸ್ಸಿನಲ್ಲಿ ಸಂಸಾರದ ಲೆಕ್ಕ ತಿರುಗಿದೆ. ಅಜ್ಜಿ ಆಧಾರ್ ತೋರಿಸಿ ಸೊನ್ನೆಯ ಟಿಕೆಟ್ ಪಡೆಯುತ್ತಾಳೆ. ತಾತನಿಗೆ ಹಿರಿಯ ನಾಗರಿಕರ ಕಾಲು ಭಾಗ ರಿಯಾಯಿತಿ ಕಳೆದು ಮುಕ್ಕಾಲು.

‘ರೊಕ್ಕ ಕೊಟ್ಟವಗ ಕಿಟಕಿ ಸೀಟು ಬ್ಯಾಡೇನು?’

‘ನೀವೇ ಕೂಡ್ರಿ. ಬಿಸಿಗಾಳಿ ಅಲ್ಲೇ ಹೊಡೀತೈತಿ.’

ನವೆಂಬರಿನಲ್ಲಿ ಪಿಂಚಣಿದಾರರೆಲ್ಲ ತಾವು ಬದುಕಿರುವುದನ್ನು ಸಾಬೀತುಪಡಿಸಬೇಕು. ಸವೆದ ಹೆಬ್ಬೆಟ್ಟನ್ನು ಯಂತ್ರ ಗುರುತಿಸುವುದಿಲ್ಲ. ಈಗ ಮೊಬೈಲಿಗೆ ಮುಖ ತೋರಿಸಿದರೂ ನಡೆಯುತ್ತದೆ, ಕಣ್ಣು ಮಿಟುಕಿಸು ಎನ್ನುತ್ತದೆ. ಈ ವಯಸ್ಸಿನಲ್ಲಿ ಕಣ್ಣು ಮಿಟುಕಿಸಿದ್ದಕ್ಕೆ ಪಿಂಚಣಿ ಸಿಗುವುದು ಅಜ್ಜಿಯರಿಗೆ ಅಷ್ಟಾಗಿ ಹಿಡಿಸಿಲ್ಲ.

ಇಂಥ ಬೀದಿಯಲ್ಲಿ ಬಾಡಿಗೆ ಮನೆ ಹುಡುಕುವವರು ಬೆಳಿಗ್ಗೆ ಬರಲಿ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ದಯವಿಟ್ಟು ಯಾರ ಬಾಗಿಲನ್ನೂ ಬಡಿಯಬಾರದು.