ಯಾವ ಎಣ್ಣೆಗೆ ಹೋಲಿಸಿ ಹೇಳುತ್ತೀರಿ?

ಸಕ್ಕರೆ ಕಾಯಿಲೆಯವರಿಗೆಂದು ಎಣ್ಣೆಯ ಕ್ಯಾಪ್ಸೂಲ್ ಮಾರುವ ಮಾನ್ಯರಿಗೆ,

ನಿಮ್ಮ ಡಬ್ಬಿಯ ಮುಂಭಾಗದಲ್ಲಿ ‘ಮೀನೆಣ್ಣೆ 1000 ಮಿ.ಗ್ರಾಂ’ ಎಂದು ದಪ್ಪಕ್ಷರದಲ್ಲಿದೆ. ತಿರುಗಿಸಿ ಸಣ್ಣಕ್ಷರ ಓದಿದರೆ ಇಪಿಎ 180, ಡಿಎಚ್‌ಎ 120. ಒಮೇಗಾ-3 ಎಂದು ಜನ ದುಡ್ಡು ಕೊಡುವುದು ಈ ಎರಡಕ್ಕೆ. ಎರಡೂ ಸೇರಿ 300, ಉಳಿದ 700 ಬೇರೆ ಕೊಬ್ಬು. ಮಾಮೂಲಿ ಕ್ಯಾಪ್ಸೂಲುಗಳ ಲೆಕ್ಕವೇ ಇಷ್ಟು, ಅದು ತಪ್ಪೆಂದು ಹೇಳುತ್ತಿಲ್ಲ. ಆದರೆ ‘ಮಧುಮೇಹಿಗಳ ಹೃದಯಕ್ಕೆ, ನರಕ್ಕೆ, ಕಣ್ಣಿಗೆ’ ಎಂದು ನೀವು ಕೊಡುವ ಭರವಸೆಗೂ ಈ 300ಕ್ಕೂ ನಡುವೆ ಇರುವ ಅಂತರದ ಬಗ್ಗೆ ನಿಮ್ಮೊಡನೆ ಮಾತಾಡಬೇಕಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10.1 ಕೋಟಿ. ಇವರು ಸಕ್ಕರೆಗಿಂತ ಹೆಚ್ಚು ಹೆದರುವುದು ಅದರ ಹಿಂದೆ ಬರುವುದಕ್ಕೆ. ಕಾಲಿನ ತಪಾಸಣೆ ನಡೆಯುವ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತು ನೋಡಿ. ನರ್ಸ್ ಕೈಯಲ್ಲೊಂದು ನೈಲಾನ್ ಎಳೆ ಇರುತ್ತದೆ, 10 ಗ್ರಾಂ ಒತ್ತಡಕ್ಕೆ ಬಾಗುವಂಥದು. ರೋಗಿ ಕಣ್ಣು ಮುಚ್ಚಿ ಮಲಗಿರುತ್ತಾರೆ. ಹೆಬ್ಬೆರಳ ಬುಡಕ್ಕೆ ಎಳೆ ತಾಗಿಸಿ ಬಾಗುವವರೆಗೆ ಒತ್ತುತ್ತಾರೆ. ಗೊತ್ತಾದರೆ ‘ಹೂಂ’ ಅನ್ನಬೇಕು. ಒಂದೆಡೆ ಹೂಂ, ಇನ್ನೊಂದೆಡೆ ಹೂಂ. ಆಮೇಲೆ ಎಳೆ ಬಿಲ್ಲಿನಂತೆ ಬಾಗಿದೆ, ಮಲಗಿದವರು ಸುಮ್ಮನೆ ಇದ್ದಾರೆ, ಇನ್ನೂ ಮುಟ್ಟಿಲ್ಲ ಅಂದುಕೊಂಡು. ಆ ಜಾಗಕ್ಕೆ ಮುಳ್ಳು ಚುಚ್ಚಿದರೂ, ಚಪ್ಪಲಿ ಕಚ್ಚಿ ಹುಣ್ಣಾದರೂ ಅವರಿಗೆ ತಿಳಿಯುವುದಿಲ್ಲ. ನಿಮ್ಮ ಡಬ್ಬಿ ಕೊಳ್ಳುವುದು ಈ ಭಯ. ಅದಕ್ಕೇ ನಿಮ್ಮ ಮಾತಿಗೆ ತೂಕ ಇರಬೇಕು ಅನ್ನುತ್ತೇನೆ.

ಮೀನೆಣ್ಣೆಯನ್ನು ಮಧುಮೇಹಿಗಳ ಮೇಲೆ ಪರೀಕ್ಷೆ ಮಾಡದೆ ಬಿಟ್ಟಿಲ್ಲ. 2012ರ ‘ಒರಿಜಿನ್’ ಅಧ್ಯಯನದಲ್ಲಿ ಸಕ್ಕರೆ ಏರುಪೇರಾಗಿದ್ದ 12,500ಕ್ಕೂ ಹೆಚ್ಚು ಮಂದಿ ಆರು ವರ್ಷಕ್ಕೂ ಮಿಕ್ಕಿ ಭಾಗವಹಿಸಿದರು. 2018ರಲ್ಲಿ ಬ್ರಿಟನ್ನಿನ ‘ಅಸೆಂಡ್’ ಬಂತು: ಸಕ್ಕರೆ ಕಾಯಿಲೆಯಿದ್ದ, ಆದರೆ ಹೃದ್ರೋಗ ಇನ್ನೂ ಕಾಣಿಸಿಕೊಳ್ಳದ 15,480 ಜನ, ದಿನಕ್ಕೊಂದು ಗ್ರಾಂ, ಸರಾಸರಿ 7.4 ವರ್ಷ. ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಅನಾಹುತ ಆದದ್ದು ಮೀನೆಣ್ಣೆ ತೆಗೆದುಕೊಂಡವರಲ್ಲಿ ಶೇ. 8.9, ತೆಗೆದುಕೊಳ್ಳದವರಲ್ಲಿ ಶೇ. 9.2. ಲೆಕ್ಕಕ್ಕೆ ಹಿಡಿಯುವಷ್ಟು ವ್ಯತ್ಯಾಸವೇ ಅಲ್ಲ. ಅಲ್ಲಿ ಕೊಟ್ಟ ಒಂದು ಗ್ರಾಮಿನಲ್ಲಿ ಒಮೇಗಾ-3 ಇದ್ದದ್ದು 840 ಮಿ.ಗ್ರಾಂ, ನಿಮ್ಮದರ ಎರಡೂವರೆ ಪಟ್ಟಿಗಿಂತ ಹೆಚ್ಚು.

‘ರೆಡ್ಯೂಸ್-ಇಟ್’ ಅಧ್ಯಯನದ ಹೆಸರು ನೀವು ತೆಗೆದೇ ತೆಗೆಯುತ್ತೀರಿ. ಹೌದು, ಅದರಲ್ಲಿ ಅನಾಹುತಗಳು ಶೇ. 25ರಷ್ಟು ಕಡಿಮೆಯಾದವು. ಆದರೆ ಅದು ಅಂಗಡಿಯ ಮೀನೆಣ್ಣೆಯಲ್ಲ, ಶುದ್ಧೀಕರಿಸಿದ ಇಪಿಎ, ದಿನಕ್ಕೆ 4 ಗ್ರಾಂ, ಸ್ಟ್ಯಾಟಿನ್ ಮಾತ್ರೆಯ ಜೊತೆಗೆ. ನಿಮ್ಮ ಡಬ್ಬಿಯಿಂದ ಅಷ್ಟು ಇಪಿಎ ಸಿಗಬೇಕೆಂದರೆ ದಿನಕ್ಕೆ 20ಕ್ಕೂ ಹೆಚ್ಚು ಕ್ಯಾಪ್ಸೂಲ್ ನುಂಗಬೇಕು. ಆ ಔಷಧ ಪಡೆದವರಲ್ಲಿ ಹೃದಯ ಬಡಿತ ತಾಳ ತಪ್ಪಿ ಆಸ್ಪತ್ರೆ ಸೇರಿದವರು ಹೆಚ್ಚಾಗಿದ್ದರು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕಲ್ಲವೇ?

ಇಲ್ಲೇ ನನ್ನ ಮುಖ್ಯ ಪ್ರಶ್ನೆ ಇರುವುದು. ರೆಡ್ಯೂಸ್-ಇಟ್‌ನಲ್ಲಿ ಹೋಲಿಕೆಗೆಂದು ಇನ್ನೊಂದು ಗುಂಪಿಗೆ ಕೊಟ್ಟದ್ದು ಖನಿಜ ತೈಲ. ಆ ಗುಂಪಿನಲ್ಲಿ ಕೆಟ್ಟ ಕೊಲೆಸ್ಟರಾಲೂ ಉರಿಯೂತದ ಸೂಚಕಗಳೂ ಏರಿದವು. ಹಾಗಾದರೆ ಇಪಿಎ ಎಷ್ಟು ಒಳ್ಳೆಯದು ಮಾಡಿತು, ಖನಿಜ ತೈಲ ಎಷ್ಟು ಕೆಟ್ಟದ್ದು ಮಾಡಿತು ಎಂಬ ಜಗಳ ಇನ್ನೂ ಮುಗಿದಿಲ್ಲ. 2020ರ ‘ಸ್ಟ್ರೆಂತ್’ನಲ್ಲಿ ಇಪಿಎ, ಡಿಎಚ್‌ಎ ಎರಡೂ ಇದ್ದ ಮಿಶ್ರಣವನ್ನು 4 ಗ್ರಾಂ ಕೊಟ್ಟು ಮುಸುಕಿನ ಜೋಳದ ಎಣ್ಣೆಗೆ ಹೋಲಿಸಿದರು, ಲಾಭ ಕಾಣಲಿಲ್ಲ. ಅಸೆಂಡ್‌ನಲ್ಲಿ ಹೋಲಿಕೆಗೆ ಇದ್ದದ್ದು ಆಲಿವ್ ಎಣ್ಣೆ. ಎಣ್ಣೆಯನ್ನು ಎಣ್ಣೆಯ ಜೊತೆ ತೂಗುವಾಗ ಎದುರಿನ ತಟ್ಟೆಯಲ್ಲಿ ಏನಿತ್ತು ಎಂದು ಹೇಳದೆ ಫಲಿತಾಂಶ ಹೇಳಿದರೆ ಅರ್ಧ ಸುಳ್ಳು ಹೇಳಿದ ಹಾಗೆ.

ಹೋಲಿಕೆಯ ಎಣ್ಣೆಯ ಈ ಜಗಳ ಇಲಿಗಳವರೆಗೂ ಹೋಗಿದೆ. 2014ರಲ್ಲಿ ಬಾರ್ಬರಾ ಕಾನ್ ಮತ್ತು ಅಲನ್ ಸಘಟೇಲಿಯನ್ ಅವರ ತಂಡಗಳು ಒಂದು ಹೊಸ ಬಗೆಯ ಕೊಬ್ಬನ್ನು ಗುರುತಿಸಿದವು. ಎರಡು ಕೊಬ್ಬಿನಾಮ್ಲಗಳು ಒಂದಕ್ಕೊಂದು ಬೆಸೆದುಕೊಂಡಿರುವ ಅಣುಗಳು, ನಮ್ಮ ದೇಹವೇ ತಯಾರಿಸುವಂಥವು. ಇನ್ಸುಲಿನ್ನಿಗೆ ದೇಹ ಸರಿಯಾಗಿ ಓಗೊಡದವರಲ್ಲಿ ಇವುಗಳ ಪ್ರಮಾಣ ಕಡಿಮೆ. ಇಲಿಗಳಿಗೆ ಕೊಟ್ಟರೆ ಸಕ್ಕರೆ ಹತೋಟಿಗೆ ಬಂತು. ಓದಿದಾಗ ನನಗೂ ಖುಷಿಯಾಗಿತ್ತು, ಕೊಬ್ಬೆಂದರೆ ವೈರಿ ಎಂದೇ ಕೇಳುತ್ತ ಬಂದವರಲ್ಲವೇ ನಾವು. 2018ರಲ್ಲಿ ಬೇರೊಂದು ತಂಡ ಅದೇ ಪ್ರಯೋಗ ಮಾಡಿದಾಗ ಆ ಪರಿಣಾಮ ಕಾಣಲಿಲ್ಲ. ಮೊದಲಿನವರು ಎತ್ತಿದ ಆಕ್ಷೇಪಗಳಲ್ಲೊಂದು, ‘ನೀವು ಅದನ್ನು ಆಲಿವ್ ಎಣ್ಣೆಯಲ್ಲಿ ಬೆರೆಸಿ ಕೊಟ್ಟಿರಿ, ಆ ಎಣ್ಣೆಗೇ ತನ್ನದೊಂದು ಪರಿಣಾಮ ಇದೆ’ ಎಂದು. ವಿಜ್ಞಾನ ನಡೆಯುವುದೇ ಹೀಗೆ, ಇದರಲ್ಲಿ ನಾಚಿಕೆಪಡುವಂಥದ್ದಿಲ್ಲ. ಇಲಿಯ ಮೇಲಿನ ಮಾತನ್ನು ಮನುಷ್ಯರ ಡಬ್ಬಿಯ ಮೇಲೆ ಅಂಟಿಸುವುದು ಮಾತ್ರ ಸಲ್ಲದು.

ಅಂಗಾಲು ಉರಿಗೆ ಬಿ-12 ಜೊತೆ ಬರೆದುಕೊಡುವ ಆಲ್ಫಾ ಲಿಪೋಯಿಕ್ ಆಮ್ಲದ ಕತೆಯೂ ಹತ್ತಿರ ಹತ್ತಿರ ಇದೇ. 600 ಮಿ.ಗ್ರಾಂ ಡ್ರಿಪ್ಪಿನಲ್ಲಿ ಮೂರು ವಾರ ಕೊಟ್ಟಾಗ ಉರಿ, ಜೋಮು ಇಳಿದದ್ದುಂಟು. 460 ಮಂದಿಗೆ ನಾಲ್ಕು ವರ್ಷ ಮಾತ್ರೆ ಕೊಟ್ಟು ನೋಡಿದಾಗ ಕೆಲವು ಲಕ್ಷಣ ಸುಧಾರಿಸಿದವು, ಮೊದಲೇ ಗೊತ್ತುಪಡಿಸಿದ್ದ ಮುಖ್ಯ ಗುರಿ ಮುಟ್ಟಲಿಲ್ಲ.

ಪ್ರಕೃತಿಯಲ್ಲಿ ಮದ್ದಿಲ್ಲ ಎಂದು ನಾನು ಹೇಳುತ್ತಿಲ್ಲ. ಮೆಟ್‌ಫಾರ್ಮಿನ್ನಿನ ಮೂಲವೇ ಯುರೋಪಿನ ಒಂದು ಗಿಡದಲ್ಲಿದ್ದ ರಾಸಾಯನಿಕ. ಆ ಗಿಡ ದನಕರುಗಳಿಗೆ ವಿಷ. ಫ್ರಾನ್ಸಿನ ಜ್ಯಾನ್ ಸ್ಟೆರ್ನ್ 1957ರಲ್ಲಿ ರೋಗಿಗಳ ಮೇಲಿನ ಫಲಿತಾಂಶ ಪ್ರಕಟಿಸುವ ಹೊತ್ತಿಗೆ ಅದು ಗಿಡವಾಗಿ ಉಳಿದಿರಲಿಲ್ಲ, ಅಳೆದು ಕೊಡಬಹುದಾದ ಔಷಧವಾಗಿತ್ತು. ಹಾಗೆಯೇ, ರೊಟ್ಟಿಗೆ ಅಗಸಿ ಚಟ್ನಿ ಹಚ್ಚಿಕೊಳ್ಳುವ ಧಾರವಾಡದವರಿಗೂ ಬೂತಾಯಿ, ಬಂಗುಡೆ ತಿನ್ನುವ ಮಂಗಳೂರಿನವರಿಗೂ ಅದನ್ನು ಬಿಡಿ ಎಂದು ಯಾರೂ ಹೇಳಬೇಕಿಲ್ಲ. ಅದು ಒಳ್ಳೆಯ ಊಟ. ಅಗಸಿಯ ಒಮೇಗಾ-3 ದೇಹದಲ್ಲಿ ಇಪಿಎ ಆಗುವುದು ಬಹಳ ಸ್ವಲ್ಪ, ಅಷ್ಟು ತಿಳಿದಿದ್ದರೆ ಸಾಕು.

ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರವೇ ಅಪರಾಧ. ನಾನು ಕೇಳುವುದು ಕಾನೂನಿಗಿಂತ ತುಸು ಹೆಚ್ಚು. ಅಧ್ಯಯನದ ಹೆಸರು ಹೇಳಿದರೆ ಅದು ಇಲಿಗಳದೋ ಮನುಷ್ಯರದೋ, ಎಷ್ಟು ಗ್ರಾಂ, ಎಷ್ಟು ವರ್ಷ, ಯಾವ ಎಣ್ಣೆಗೆ ಹೋಲಿಸಿದ್ದು ಎಂದೂ ಹೇಳಿ. ‘ಇದು ಡಾಕ್ಟರು ಬರೆದ ಮಾತ್ರೆಗೆ, ಇನ್ಸುಲಿನ್ನಿಗೆ ಬದಲಿಯಲ್ಲ, ಅವನ್ನು ನಿಲ್ಲಿಸಬೇಡಿ’ ಎಂದು ಡಬ್ಬಿಯ ಮುಂಭಾಗದಲ್ಲಿ, 1000 ಎಂಬ ಅಂಕಿಯಷ್ಟೇ ದಪ್ಪಕ್ಷರದಲ್ಲಿ, ಕನ್ನಡದಲ್ಲಿ ಅಚ್ಚು ಹಾಕಿಸಿ. ಮುಂದಿನ ಸರಕಿನಿಂದಲೇ ಶುರು ಮಾಡಬಹುದು.

ಇಂತಿ,
ಸಕ್ಕರೆ ಕಾಯಿಲೆಯವರಿರುವ ಮನೆಯಿಂದ